ಮಣ್ಣಿನ ಒಡ್ಡು, ಹಾಳೆ ಹಾಸಿದ ಕೃಷಿ ಹೊಂಡ: ನಮ್ಮ ಹೊಲದಲ್ಲಿ ಎರಡೂ ಇವೆ

ನಮ್ಮ ಹೊಲ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿದೆ. ಮೇಲಿನ ಅರ್ಧ ಮಸಾರಿ, ಅಂದರೆ ನೀರು ಬೇಗ ಇಂಗುವ ಕೆಂಪು ಮಣ್ಣು; ಕೆಳಗಿನ ಅರ್ಧ ಎರೆ, ಅಂದರೆ ಕಪ್ಪು ಮಣ್ಣು. ಮೇಲೆ ಲಿಂಬೆ ಗಿಡ, ಕೆಳಗೆ ತೊಗರಿ, ಹಿಂಗಾರಿಗೆ ಬಿಳಿಜೋಳ. 2017ರಲ್ಲಿ ಎರೆ ಹೊಲದ ತಗ್ಗಿಗೆ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕಿದೆವು. ಮರುವರ್ಷ ಮಸಾರಿಯಲ್ಲಿ ಕೃಷಿ ಹೊಂಡ ತೋಡಿಸಿ ಪ್ಲಾಸ್ಟಿಕ್ ಹಾಳೆ ಹಾಸಿದೆವು. "ಎರಡರಾಗ ಯಾವುದು ಚಲೋ?" ಅಂತ ಕೇಳದವರಿಲ್ಲ. ಬೆಳೆಗೆ ಒಂದೆರಡು ನೀರು ಖಾತ್ರಿಯಾಗಿ ಬೇಕಿದ್ದರೆ ಹೊಂಡ. ಬಾವಿ ಉಳಿಯಬೇಕಿದ್ದರೆ ಒಡ್ಡು. ಆದರೆ ಒಡ್ಡು ಹಾಕಿದವರು ಮಳೆಗಾಲದಲ್ಲಿ ಊರು ಬಿಟ್ಟು ಹೋಗುವ ಹಾಗಿಲ್ಲ.

ಮೊದಲು ನೀರಿನ ಲೆಕ್ಕ. ಹೊಂಡ 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ. ಬದಿಗಳು ಇಳಿಜಾರಾಗಿರುವುದರಿಂದ ತುಂಬಿದಾಗ ಹಿಡಿಯುವುದು ಸುಮಾರು 9.8 ಲಕ್ಷ ಲೀಟರ್. ಒಂದು ಎಕರೆಗೆ ಒಂದು ಇಂಚು ನೀರು ನಿಲ್ಲಿಸಲು ಒಂದು ಲಕ್ಷ ಲೀಟರಿಗಿಂತ ಸ್ವಲ್ಪ ಜಾಸ್ತಿ ಬೇಕು. ಅಂದರೆ ನಾಲ್ಕು ಎಕರೆಗೆ ಎರಡು ಇಂಚಿನಂತೆ ಒಂದು ಸಲ ಕೊಡಬಹುದು. ಲಿಂಬೆಗೆ ಡ್ರಿಪ್‌ನಲ್ಲಿ ಬಿಟ್ಟರೆ ಇದೇ ನೀರು ಎಷ್ಟೋ ದಿನ ಬರುತ್ತದೆ. ಒಡ್ಡಿನ ಹಿಂದೆ ನಿಲ್ಲುವ ನೀರನ್ನು ಅಂದಾಜು ಮಾಡಲು ಸುಲಭದ ದಾರಿ ಇದೆ: ನೀರು ಹರಡುವ ಜಾಗವನ್ನು ಅತಿ ಆಳದ ಕಡೆಯ ಅಳತೆಯಿಂದ ಗುಣಿಸಿ, ಮೂರರಿಂದ ಭಾಗಿಸಿ. ನಮ್ಮದು ಮುಕ್ಕಾಲು ಎಕರೆ ಹರಡುತ್ತದೆ, ಆಳ ಎಂಟೂವರೆ ಅಡಿ. ಲೆಕ್ಕ 25 ಲಕ್ಷ ಲೀಟರ್ ದಾಟುತ್ತದೆ. ಆದರೆ ಆ ನೀರು ನಿಲ್ಲುವುದಿಲ್ಲ. ಬಿಸಿಲು ಒಂದಷ್ಟು ಕುಡಿಯುತ್ತದೆ, ಉಳಿದದ್ದರಲ್ಲಿ ಜಾಸ್ತಿ ಪಾಲು ನೆಲಕ್ಕೆ ಇಳಿಯುತ್ತದೆ. ಸಂಕ್ರಾಂತಿ ಹೊತ್ತಿಗೆ ತಳದಲ್ಲಿ ಕೆಸರು. ಹೊಂಡದಲ್ಲಿ ಆಗಲೂ ಅರ್ಧ ನೀರು ಇರುತ್ತದೆ.

ಹಾಳೆ ಇಲ್ಲದ ಹೊಂಡದ ಬಗ್ಗೆಯೂ ಕೇಳುತ್ತಾರೆ. ಮಸಾರಿಯಲ್ಲಿ ಅದು ಸುಮ್ನೆ ಖರ್ಚು. ಪಕ್ಕದ ಹೊಲದವರದು ದೀಪಾವಳಿಗೇ ಖಾಲಿ.

ಒಡ್ಡು ಕಟ್ಟುವ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ನಾವು ತಪ್ಪಿದ್ದು ಅಲ್ಲೇ. ಒಡ್ಡಿನ ಉದ್ದಕ್ಕೂ ಮೊದಲು ಗಟ್ಟಿ ನೆಲ ಸಿಗುವವರೆಗೆ ಕಂದಕ ತೋಡಿ ಎರೆಮಣ್ಣು ತುಂಬಬೇಕು. ಅದೇ ಎರೆಮಣ್ಣು ಒಡ್ಡಿನ ನಡುವೆ ಗೋಡೆಯ ಹಾಗೆ ಮೇಲೇಳಬೇಕು. ಎರಡೂ ಬದಿಗೆ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣು. ಪೂರಾ ಎರೆಮಣ್ಣಿನಲ್ಲೇ ಕಟ್ಟಿದರೆ ಬೇಸಿಗೆಯಲ್ಲಿ ಬಿರಿಯುತ್ತದೆ. ನಾವು ಮೊದಲ ವರ್ಷ ಮೇಲೆ ಗರಸು ಹಾಕಿರಲಿಲ್ಲ. ಏಪ್ರಿಲ್‌ನಲ್ಲಿ ನೋಡಿದರೆ ಬಿರುಕಿನೊಳಗೆ ನನ್ನ ಕೈ ಮೊಣಕೈವರೆಗೆ ಹೋಯಿತು. ಅದರೊಳಗೆ ನೀರು ನುಗ್ಗಿದ್ದರೆ ಗತಿ ಏನು? ಇನ್ನು ಮಣ್ಣನ್ನು ಅರ್ಧ ಅಡಿಯಂತೆ ಹರಡಿ, ನೀರು ಚಿಮುಕಿಸಿ, ರೋಲರ್ ಹೊಡೆಯಬೇಕು. ಕೊನೆಯ ದಿನ ಜೆಸಿಬಿಯವರು "ಟ್ರ್ಯಾಕ್ಟರ್ ಓಡಾಡಿದರೆ ಸಾಕು" ಅಂದರು. ನಾವೂ ಒಪ್ಪಿದೆವು.

ಅದರ ಬೆಲೆ ಗೊತ್ತಾದದ್ದು 2020ರ ಅಕ್ಟೋಬರ್‌ನಲ್ಲಿ, ಭೀಮಾ ಉಕ್ಕಿ ಹರಿದ ಆ ಚಿತ್ತಿ ಮಳೆಯಲ್ಲಿ. ರಾತ್ರಿ ಕಾಕಾ ಬ್ಯಾಟರಿ ಹಿಡಿದು ಬಂದು ಬಾಗಿಲು ಬಡಿದರು. ಹೋಗಿ ನೋಡಿದರೆ ನೀರಿಗೂ ಒಡ್ಡಿನ ತಲೆಗೂ ನಡುವೆ ಒಂದು ಗೇಣು. ರೋಲರ್ ಹೊಡೆಯದ ಕಡೆ ಮಣ್ಣು ಕುಸಿದು ನಾಲ್ಕೇ ಬೆರಳು ಉಳಿದಿತ್ತು. ಹೆಚ್ಚಾದ ನೀರು ಹೊರಹೋಗುವ ಕೋಡಿ ಆಗ ಐದು ಅಡಿ ಅಗಲ, ಸಾಲುತ್ತಿರಲಿಲ್ಲ. "ತಮ್ಮಾ, ನೀರಿಗಿ ದಾರಿ ನಾವು ಕೊಡ್ಲಿಲ್ಲಂದ್ರ ಅದ ಮಾಡ್ಕೋತೈತಿ" ಅಂದವರೇ ಕಾಕಾ ಸಲಿಕೆ ಹಿಡಿದು ಕೋಡಿ ಅಗಲ ಮಾಡತೊಡಗಿದರು. ನಾನು ಗೊಬ್ಬರದ ಚೀಲಗಳಿಗೆ ಗರಸು ತುಂಬಿ ಕುಸಿದ ಕಡೆ ಪೇರಿಸಿದೆ. ಒಡ್ಡಿನ ಕೆಳಗೆ ಪಕ್ಕದವರ ದನದ ಕೊಟ್ಟಿಗೆ ಇದೆ. ಅಂದು ಎರಡು ಎಮ್ಮೆ ಒಳಗೆ ಕಟ್ಟಿದ್ದವು. ಮೊದಲು ಅವರನ್ನು ಎಬ್ಬಿಸಿ ಎಮ್ಮೆ ಬಿಡಿಸಿದೆವು.

ಬೆಳಕು ಹರಿದಾಗ ಒಡ್ಡಿನ ಕೆಳಬದಿಯ ಬುಡದಲ್ಲಿ ನೀರು ಜಿನುಗುತ್ತಿತ್ತು. ಕಾಕಾ ಖಾಲಿ ಬಾಟಲಿಯಲ್ಲಿ ಹಿಡಿದು ಬಿಸಿಲಿಗೆ ಎತ್ತಿ ನೋಡಿದರು. ತಿಳಿಯಾಗಿತ್ತು. ತಿಳಿ ನೀರು ಜಿನುಗಿದರೆ ಕಣ್ಣಿಟ್ಟಿರಬೇಕು, ಕದಡು ಬಂದರೆ ಒಳಗಿನ ಮಣ್ಣು ಕೊಚ್ಚಿಕೊಂಡು ಹೋಗುತ್ತಿದೆ ಅಂತ. ಆಗ ಕೆಳಗಿನವರನ್ನು ತಕ್ಷಣ ಎಬ್ಬಿಸಬೇಕು. ಈಗ ನಮ್ಮ ಕೋಡಿ 14 ಅಡಿ ಅಗಲ, ಒಡ್ಡಿನ ತಲೆಗಿಂತ ಮೂರು ಅಡಿ ಕೆಳಗೆ, ಹುಲ್ಲು ಬೆಳೆಸಿದ್ದೇವೆ. ಒಡ್ಡಿನ ಮೇಲೆ ಮಾತ್ರ ಬೇವು, ಜಾಲಿ ಏನೇ ಚಿಗುರಿದರೂ ಕೀಳುತ್ತೇವೆ. ಬೇರು ಕೊಳೆತ ಜಾಗ ನೀರಿಗೆ ಕೊಳವೆಯಾಗುತ್ತದೆ. ಹೆಗ್ಗಣದ ಬಿಲವೂ ಹಾಗೇ.

ಹೊಂಡದಲ್ಲಿ ಒಡೆಯುವ ಭಯ ಇಲ್ಲ, ಪೂರಾ ನೆಲದೊಳಗೇ ಇದೆಯಲ್ವಾ. ಅದರ ಅಪಾಯ ಬೇರೆ ತರಹದ್ದು. 2019ರಲ್ಲಿ ಒಂದು ಮೇಕೆ ಬಿತ್ತು. ಎತ್ತಲು ಇಳಿದ ನಾನೂ ಜಾರಿದೆ. ಒದ್ದೆ ಹಾಳೆ ಮೇಲೆ ಕಾಲು ನಿಲ್ಲುವುದಿಲ್ಲ, ಈಜು ಬಂದರೂ ಮೇಲೆ ಹತ್ತಲಾಗುವುದಿಲ್ಲ. ಅಣ್ಣ ಹಗ್ಗ ಎಸೆದ. ಮೇಕೆ ಸತ್ತಿತು. ಅದೇ ವಾರ ಸುತ್ತ ತಂತಿ ಬೇಲಿ ಹಾಕಿಸಿ, ನಾಲ್ಕೂ ಮೂಲೆಗೆ ಗಂಟು ಹಾಕಿದ ಹಗ್ಗ ಬಿಟ್ಟೆವು. ಬೇಲಿ ಇಲ್ಲದ ಹೊಂಡ ಕಂಡರೆ ಈಗಲೂ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇಷ್ಟೆಲ್ಲ ಆದರೂ ಒಡ್ಡಿನ ಮೇಲೆ ನನಗೆ ಪ್ರೀತಿ ಜಾಸ್ತಿ. ಮೊದಲು ಮಾರ್ಚ್‌ಗೇ ತಳ ಕಾಣುತ್ತಿದ್ದ ಬಾವಿ ಈಗ ಮೇ ತಿಂಗಳವರೆಗೆ ದಿನಕ್ಕೆ ಒಂದು ತಾಸು ಮೋಟಾರ್ ನಡೆಸುತ್ತದೆ. ಕೆಳಗಿನ ಕೊಟ್ಟಿಗೆಯವರ ಬೋರಿನಲ್ಲೂ ನೀರು ಏರಿದೆ. ಬೇಸಿಗೆಯಲ್ಲಿ ತಳದ ಹೂಳು ತೆಗೆದು ಮಸಾರಿಗೆ ಹಾಕುತ್ತೇವೆ, ಲಿಂಬೆ ಗಿಡ ಕಪ್ಪಗೆ ಚಿಗುರುತ್ತವೆ. ಹಾಳೆ ಹಾಸಿದ ಹೊಂಡ ನೆಲಕ್ಕೆ ಹನಿ ನೀರನ್ನೂ ಬಿಡುವುದಿಲ್ಲ.

ಮೊನ್ನೆ ಮಾವ ಒಡ್ಡು ಹಾಕಿಸಬೇಕು ಅಂತ ಕರೆದುಕೊಂಡು ಹೋದರು. ಅವರು ಇರುವುದು ಸೊಲ್ಲಾಪುರದಲ್ಲಿ, ಹೊಲಕ್ಕೆ ಬರುವುದು ರವಿವಾರ ಮಾತ್ರ. ತಗ್ಗಿನ ಕೆಳಗೆ ಮೂರು ಮನೆ ಇವೆ. ಮನೆಗಳನ್ನು ತೋರಿಸಿ, ಹೊಂಡ ಮಾಡಿಸಿ ಮಾವ ಅಂದೆ. ಬರುವ ರವಿವಾರ ಅಳತೆಗೆ ಹೋಗುತ್ತೇವೆ, ಬೇಲಿಗೆ ಎಷ್ಟು ತಂತಿ ಬೇಕು ಅಂತಲೂ ಅವತ್ತೇ ನೋಡುತ್ತೇವೆ.