ಆರೋಗ್ಯ ಕರ್ನಾಟಕ ಕಾರ್ಡ್: ಅಡ್ಮಿಟ್ ಆಗುವ ಮುಂಚೆ ತೋರಿಸಿದರೆ ಮಾತ್ರ ಬಲ

ಇನ್ಶೂರೆನ್ಸ್ ಇಲ್ಲದ ಬಡ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಷ್ಟು ದೊಡ್ಡ ಆಸರೆ ನಮ್ಮ ರಾಜ್ಯದಲ್ಲಿ ಇನ್ನೊಂದಿಲ್ಲ. 2018ರಲ್ಲಿ ಶುರುವಾದ ಈ ಯೋಜನೆಯನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಡೆಸುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಹೃದಯ, ಕ್ಯಾನ್ಸರ್, ಕಿಡ್ನಿಯಂಥ ದೊಡ್ಡ ಕಾಯಿಲೆಗಳೂ ಇದರಲ್ಲಿ ಬರುತ್ತವೆ.

ಎಡವುವುದು ರೆಫರಲ್‌ನಲ್ಲಿ, ಅಂದರೆ ಸರ್ಕಾರಿ ಆಸ್ಪತ್ರೆ ಕೊಡುವ ಶಿಫಾರಸಿನಲ್ಲಿ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಆ ಚಿಕಿತ್ಸೆ ಅಲ್ಲಿ ಇಲ್ಲವೆಂದಾದರೆ ಆನ್‌ಲೈನ್‌ನಲ್ಲಿ ರೆಫರಲ್ ಮಾಡುತ್ತಾರೆ. ಅದನ್ನು ಹಿಡಿದು ಯೋಜನೆಗೆ ಸೇರಿರುವ ಖಾಸಗಿ ಆಸ್ಪತ್ರೆಯ ಆರೋಗ್ಯಮಿತ್ರರನ್ನು (ರೋಗಿಗಳಿಗೆ ನೆರವಾಗುವ ಯೋಜನೆಯ ಸಿಬ್ಬಂದಿ) ಕಾಣಬೇಕು. ಆಸ್ಪತ್ರೆಯವರು ಟ್ರಸ್ಟ್‌ಗೆ ಬರೆದು ಮಂಜೂರಾತಿ ತರಿಸಿಕೊಂಡ ಮೇಲೆ ಚಿಕಿತ್ಸೆ. ಜನ ಮಾಡುವುದು ಇದಕ್ಕೆ ಉಲ್ಟಾ: ಅಡ್ವಾನ್ಸ್ ಕಟ್ಟಿ ಅಡ್ಮಿಟ್ ಆಗಿ, ಮೂರನೇ ದಿನ ಬಿಲ್ ನೋಡಿ ಗಾಬರಿಯಾಗಿ ಕಾರ್ಡ್ ತೆಗೆಯುತ್ತಾರೆ. ಇದು ಕ್ಯಾಶ್‌ಲೆಸ್ ಯೋಜನೆ, ಕೈಯಿಂದ ಕಟ್ಟಿದ್ದನ್ನು ಆಮೇಲೆ ಮರುಪಾವತಿ ಮಾಡುವುದಿಲ್ಲ. ಹಾರ್ಟ್ ಅಟ್ಯಾಕ್, ದೊಡ್ಡ ಅಪಘಾತದಂಥ ತುರ್ತಿಗೆ ರೆಫರಲ್ ಬೇಡ, ನೇರ ಹೋಗಬಹುದು. ಆದರೆ ಆಗಲೂ ಅಡ್ಮಿಷನ್ ಕೌಂಟರ್‌ನಲ್ಲೇ ಕಾರ್ಡ್ ಇದೆ ಎಂದು ಹೇಳಿಬಿಡಿ.

ಇನ್ನೊಂದು ತೊಡಕು ಹೆಸರಿನದು. ರೇಷನ್ ಕಾರ್ಡ್‌ಗೆ ಸೇರಿಸದ ಸೊಸೆ, ಆಧಾರ್‌ನಲ್ಲಿ ಬೇರೆ ಅಕ್ಷರದಲ್ಲಿರುವ ಅಜ್ಜನ ಹೆಸರು: ರಾತ್ರಿ ಹನ್ನೊಂದಕ್ಕೆ ಕೌಂಟರ್ ಮುಂದೆ ಇದನ್ನೆಲ್ಲ ಸರಿಮಾಡಿಸಲು ಆಗದು. ಮನೆಯವರೆಲ್ಲ ಆರೋಗ್ಯವಾಗಿರುವಾಗಲೇ ಗ್ರಾಮ ಒನ್‌ಗೆ ಹೋಗಿ ಮುಗಿಸಿಕೊಳ್ಳಿ.

ಎಪಿಎಲ್‌ನವರಿಗೆ, ರೇಷನ್ ಕಾರ್ಡೇ ಇಲ್ಲದವರಿಗೆ ಯೋಜನೆ ತೀರಾ ಬಡಕಲು. ಸರ್ಕಾರ ಕೊಡುವುದು ಶೇ 30, ಅದೂ ಆಸ್ಪತ್ರೆ ಬಿಲ್‌ನ ಶೇ 30 ಅಲ್ಲ, ಪ್ಯಾಕೇಜ್ ದರದ್ದು, ಅಂದರೆ ಆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ಮೊತ್ತದ್ದು. ಪ್ಯಾಕೇಜ್ 1 ಲಕ್ಷ ಇದ್ದರೆ ಸರ್ಕಾರದಿಂದ ಬರುವುದು 30,000, ಉಳಿದದ್ದು ಮನೆಯವರ ತಲೆಗೆ. ವರ್ಷದ ಮಿತಿ ಕುಟುಂಬಕ್ಕೆ 1.5 ಲಕ್ಷ. ಬಾಡಿಗೆ ಮನೆಯ ದಿನಗೂಲಿ ಕುಟುಂಬಕ್ಕೆ ರೇಷನ್ ಕಾರ್ಡ್ ಇಲ್ಲದಿದ್ದರೆ ಈ ಲೆಕ್ಕವೇ ಅನ್ವಯ. ಇದು ಬದಲಾಗಲೇಬೇಕು.

ಬಿಲ್ಲಿಂಗ್‌ನಲ್ಲಿ ಒಂದು ಮಾತು ಕೇಳಿಬಂದರೆ ಹುಷಾರಾಗಿರಿ: ‘ಇದಕ್ಕಿಂತ ಒಳ್ಳೆ ಸ್ಟೆಂಟ್ ಹಾಕ್ತೀವಿ, ಡಿಫರೆನ್ಸ್ ಮಾತ್ರ ಕಟ್ಟಿ’. ಮಂಜೂರಾದ ಪ್ಯಾಕೇಜ್‌ನಲ್ಲಿ ಔಷಧಿ, ಪರೀಕ್ಷೆ, ಸ್ಟೆಂಟ್, ಜನರಲ್ ವಾರ್ಡ್ ಎಲ್ಲವೂ ಸೇರಿರುತ್ತದೆ, ಬಿಪಿಎಲ್ ರೋಗಿಯಿಂದ ಮೇಲೆ ವಸೂಲಿ ಮಾಡುವಂತಿಲ್ಲ. ದುಡ್ಡು ಕಟ್ಟುವ ಮುಂಚೆ, ಅಲ್ಲಿಂದಲೇ ಸಹಾಯವಾಣಿ 104ಕ್ಕೋ 1800 425 8330ಕ್ಕೋ ಫೋನ್ ಮಾಡಿ. ಕಟ್ಟಲೇಬೇಕಾಗಿ ಬಂದರೆ ರಸೀದಿ ಬಿಡಬೇಡಿ, ದೂರಿಗೆ ಅದೇ ಆಧಾರ.

ಕಾರ್ಡ್ ಇಲ್ಲದವರಿಗೂ ಖಾಸಗಿ ಆಸ್ಪತ್ರೆಗಳನ್ನು ನಿಯಂತ್ರಿಸುವ ಕೆಪಿಎಂಇ ಕಾಯ್ದೆಯ ರಕ್ಷಣೆ ಇದೆ. ತುರ್ತು ಚಿಕಿತ್ಸೆಗೆ ಅಡ್ವಾನ್ಸ್ ಕಟ್ಟಲೇಬೇಕೆಂದು ಹಟ ಹಿಡಿಯುವಂತಿಲ್ಲ, ಬಾಕಿ ಇದೆ ಎಂದು ಶವ ತಡೆಹಿಡಿಯುವಂತಿಲ್ಲ. ಹಾಗೆ ಮಾಡಿದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಿ.