ಸನ್ಯಾಸಿ ಏಡಿಗೆ ಯಾವ ಚಿಪ್ಪು? ಬಣ್ಣದ್ದು, ಟರ್ಬೊ, ನೆರೈಟ್ ಮೂರನ್ನೂ ಇಟ್ಟು ನೋಡಿದ ಮೇಲೆ

ಒಂದು ಬೆಳಿಗ್ಗೆ ನೀರಿನ ತಟ್ಟೆಯಲ್ಲಿ ಉಗುರಿನಷ್ಟು ದೊಡ್ಡ ನೀಲಿ ಚೂರು ತೇಲುತ್ತಿತ್ತು. ಬೆರಳಲ್ಲಿ ಎತ್ತಿ ನೋಡಿದರೆ ಬಣ್ಣ. ಸನ್ಯಾಸಿ ಏಡಿಗೆ ಸ್ವಂತ ಚಿಪ್ಪಿಲ್ಲ, ಬಸವನ ಹುಳು ಬಿಟ್ಟುಹೋದ ಖಾಲಿ ಚಿಪ್ಪೇ ಅದರ ಮನೆ. ನನ್ನ ಏಡಿ ಚಿನ್ನಿ ಹೊತ್ತುಕೊಂಡು ತಿರುಗುತ್ತಿದ್ದ ಚಿಪ್ಪಿನ ಬಾಯಂಚಿನಿಂದ ಸಿಪ್ಪೆಯ ಹಾಗೆ ಎದ್ದು ಬಂದಿತ್ತು. ಅವಳು ಕುಡಿಯುವ ನೀರೂ ಅದೇ, ಚಿಪ್ಪಿನೊಳಗೆ ತುಂಬಿಕೊಳ್ಳುವ ನೀರೂ ಅದೇ. ಹೊಟ್ಟೆಯಲ್ಲಿ ಏನೋ ಕಲಕಿದ ಹಾಗಾಯಿತು.

ಅವತ್ತಿನಿಂದ ಸುಮಾರು ಒಂದು ವರ್ಷ ಬೇರೆ ಬೇರೆ ಚಿಪ್ಪು ತಂದು ನನ್ನ ಮೂರು ಏಡಿಗಳ ಮುಂದೆ ಇಟ್ಟು ನೋಡಿದ್ದೇನೆ. ನನ್ನ ಮಟ್ಟಿಗೆ ಗೆದ್ದದ್ದು ಟರ್ಬೊ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಮೂರರಲ್ಲಿ ಒಂದು ಏಡಿ ಟರ್ಬೊ ಕಡೆ ತಿರುಗಿಯೂ ನೋಡಲಿಲ್ಲ, ಅದಕ್ಕೂ ಕಾರಣ ಇದೆ. ಗುಂಡ ಮತ್ತು ಚಿನ್ನಿ ಪರ್ಪಲ್ ಪಿಂಚರ್ ಜಾತಿ, ಕೆರಿಬಿಯನ್ ಕಡೆಯ ಏಡಿಗಳು. ಪುಟ್ಟಿ ಇಕ್ವೆಡಾರ್ ಏಡಿ, ಪೆಸಿಫಿಕ್ ತೀರದ್ದು. ಜಾತಿ ಯಾವುದು ಅಂತ ತಿಳಿಯದೆ ಚಿಪ್ಪು ಕೊಳ್ಳಲು ಹೋಗಬೇಡಿ.

ಮೊದಲು ಬಣ್ಣದ ಚಿಪ್ಪು. ಏಡಿ ತಂದಾಗ ಮೂರೂ ಇಂಥದ್ದರಲ್ಲೇ ಇದ್ದವು. ನೋಡಲು ಚೆಂದ, ಅಗ್ಗ, ಮಕ್ಕಳು ಕೈ ತೋರಿಸಿ ಕೇಳುವುದೂ ಅದನ್ನೇ. ಆದರೆ ಈ ಏಡಿಗಳ ಟ್ಯಾಂಕ್ ಯಾವಾಗಲೂ ಒದ್ದೆ ಒದ್ದೆಯಾಗಿರಬೇಕು, 75ರಿಂದ 85 ಶೇಕಡಾ ತೇವ ಇರಬೇಕು, ಜೊತೆಗೆ ಉಪ್ಪುನೀರಿನ ತಟ್ಟೆ. ಅಷ್ಟು ತೇವದಲ್ಲಿ, ದಿನವೂ ಮರಳಿಗೆ ಉಜ್ಜುತ್ತಾ, ಉಪ್ಪುನೀರಲ್ಲಿ ಮುಳುಗೇಳುತ್ತಾ ಇರುವ ಚಿಪ್ಪಿನ ಮೇಲೆ ಯಾವ ಬಣ್ಣ ನಿಲ್ಲುತ್ತದೆ? ಏಡಿ ಸಿಕ್ಕಿದ್ದನ್ನೆಲ್ಲ ಚಿವುಟಿ ಬಾಯಿಗೆ ಹಾಕುವ ಪ್ರಾಣಿ ಬೇರೆ. ಬಣ್ಣದ ಚಿಪ್ಪು ಬೇಡವೇ ಬೇಡ. ಇದರ ಬಗ್ಗೆ ಇನ್ನೊಂದು ಮಾತೂ ಖರ್ಚು ಮಾಡುವುದಿಲ್ಲ.

ಈಗ ಟರ್ಬೊ. ಇದು ಸಮುದ್ರದ ಒಂದು ಬಗೆಯ ಬಸವನ ಹುಳುವಿನ ಚಿಪ್ಪು. ದಪ್ಪ, ಗುಂಡಗೆ, ಒಳಗಡೆ ಮುತ್ತಿನ ಹೊಳಪು. ಮುಖ್ಯವಾದದ್ದು ಬಾಯಿ, ಅದು ದುಂಡಗಿರುತ್ತದೆ. ಪರ್ಪಲ್ ಪಿಂಚರ್ ಹೆದರಿ ಒಳಗೆ ಸರಿದಾಗ ಎಡಗಡೆಯ ದೊಡ್ಡ ಇಕ್ಕಳ ಬಂದು ಬಾಗಿಲಿನ ಹಾಗೆ ಬಾಯಿ ಮುಚ್ಚುತ್ತದೆ. ಆ ಇಕ್ಕಳವೂ ಗುಂಡಗೇ ಇದೆ. ದುಂಡು ಬಾಯಿಯ ಚಿಪ್ಪಾದರೆ ಸಂದು ಉಳಿಯುವುದಿಲ್ಲ, ಒಳಗಿನ ತೇವವೂ ಆರುವುದಿಲ್ಲ. ನೆಲದ ಮೇಲೆ ಬದುಕಿದರೂ ಇವು ಉಸಿರಾಡುವುದು ಕಿವಿರಿನಿಂದಲೇ. ಕಿವಿರು ಒಣಗಿತು ಅಂದರೆ ನಿಧಾನವಾಗಿ ಉಸಿರುಕಟ್ಟಿ ಸಾಯುತ್ತವೆ. ಬಾಗಿಲು ಸರಿಯಾಗಿ ಕೂರುವುದು ಅದಕ್ಕೇ ಅಷ್ಟು ಮುಖ್ಯ.

ಟರ್ಬೊದಲ್ಲಿ ನನಗೆ ಸಿಕ್ಕ ಒಂದೇ ಒಂದು ತಲೆನೋವು ಅಳತೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ನನ್ನ ದುಡ್ಡು ಪೂರ್ತಿ ಹಾಳಾದದ್ದು ಇಲ್ಲೇ.

ಮೊದಲ ಸಲ ಫೋಟೊ ನೋಡಿ, 'ಮೀಡಿಯಂ' ಅಂತ ಬರೆದಿದ್ದ ಹನ್ನೆರಡು ಚಿಪ್ಪಿನ ಚೀಲ ತರಿಸಿದೆ. ಮೀಡಿಯಂ ಅಂದರೆ ಚಿಪ್ಪಿನ ಒಟ್ಟು ಉದ್ದ ಅಂತೆ. ಏಡಿಗೆ ಉದ್ದ ಕಟ್ಟಿಕೊಂಡು ಏನಾಗಬೇಕು? ಅದು ಹೊಕ್ಕು ಹೊರಡುವುದು ಬಾಯಿಯಿಂದ. ಹನ್ನೆರಡರಲ್ಲಿ ಎಂಟು ಉದ್ದುದ್ದ, ಚೂಪು ತುದಿಯವು, ಬಾಯಿ ಮಾತ್ರ ಸೀಳಿನಷ್ಟು. ಎರಡಕ್ಕೆ ಹಾರಕ್ಕೆ ಪೋಣಿಸಲು ತೂತು ಕೊರೆದಿದ್ದರು, ನೀರು ತುಂಬಿಸಿ ಹಿಡಿದರೆ ತೊಟ್ಟಿಕ್ಕುತ್ತಿತ್ತು. ಉಳಿದದ್ದು ಎರಡು ಚಿಪ್ಪು.

ಎರಡನೇ ಸಲ ಎಚ್ಚರವಾಗಿದ್ದೆ. ಬಾಯಿಯ ಅಳತೆಯನ್ನು ಮಿಲಿಮೀಟರಿನಲ್ಲಿ ಕೊಡುವವರನ್ನೇ ಹುಡುಕಿದೆ. ಗುಂಡನಿಗೆ 30 ಮಿಲಿಮೀಟರ್ ಬೇಕಿತ್ತು, 30 ಅಂತಲೇ ಬರೆದಿದ್ದದ್ದನ್ನು ತರಿಸಿದೆ. ಬಂದದ್ದನ್ನು ಸ್ಕೇಲ್ ಹಿಡಿದು ನೋಡಿದರೆ ಒಳಗಿನ ಜಾಗ 25! ಆಮೇಲೆ ಅರ್ಥವಾಯಿತು. ಅವರು ಅಳೆದದ್ದು ಒಂದು ತುಟಿಯ ಹೊರ ಅಂಚಿನಿಂದ ಇನ್ನೊಂದು ತುಟಿಯ ಹೊರ ಅಂಚಿಗೆ. ಟರ್ಬೊ ತುಟಿ ದಪ್ಪ, ಎರಡೂ ಕಡೆ ಸೇರಿ ನಾಲ್ಕೈದು ಮಿಲಿಮೀಟರ್ ಅದೇ ತಿಂದುಬಿಡುತ್ತದೆ. ಗುಂಡ ಆ ಚಿಪ್ಪಿನ ಹತ್ತಿರ ಬಂದ, ಇಕ್ಕಳ ಒಳಗಿಟ್ಟ, ಒಂದು ಸುತ್ತು ತಿರುಗಿಸಿದ, ಹಾಗೇ ಬಿಟ್ಟು ಹೋದ. ಮೂರು ರಾತ್ರಿ ಇದೇ ಕಥೆ.

ಈಗ ನಾನು ಮಾಡುವುದು ಇಷ್ಟು. ಏಡಿ ಈಗಿರುವ ಚಿಪ್ಪು ಅದಕ್ಕೆ ಹೊಂದುತ್ತಿದೆ ಅಂದರೆ ಅದರ ಬಾಯಿಯ ಒಳ ಅಳತೆ ತಗೊಳ್ಳುತ್ತೇನೆ. ಅಷ್ಟೇ ಅಳತೆಯದು ಒಂದು, ಮೂರು ಮಿಲಿಮೀಟರ್ ದೊಡ್ಡದು ಒಂದು, ಆರು ದೊಡ್ಡದು ಒಂದು, ಹೀಗೆ ದಪ್ಪ ರಟ್ಟಿನಲ್ಲಿ ದುಂಡು ಬಿಲ್ಲೆ ಕತ್ತರಿಸಿಟ್ಟುಕೊಂಡಿದ್ದೇನೆ. ಬಿಲ್ಲೆ ಚಿಪ್ಪಿನ ಬಾಯೊಳಗೆ ಅಂಚಿಗೆ ತಾಗದ ಹಾಗೆ ಇಳಿದರೆ ಚಿಪ್ಪು ಆಗುತ್ತದೆ. ದೂರದಿಂದ ತರಿಸುವುದಾದರೆ ಬಾಯಿಯ ಒಳ ಅಂಚಿಗೆ ಸ್ಕೇಲ್ ಇಟ್ಟು ತೆಗೆದ ಫೋಟೊ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ. ಏಡಿಯನ್ನು ಹಿಡಿದು ಇಕ್ಕಳ ಅಳೆಯಲು ಮಾತ್ರ ಹೋಗಬೇಡಿ. ಎಳೆದರೆ ಅದು ಚಿಪ್ಪು ಬಿಡುವುದಿಲ್ಲ, ಮೈಯೇ ಹರಿದುಹೋಗುತ್ತದೆ.

ಸರಿಯಾದ ಅಳತೆಯದು ಬಂದ ರಾತ್ರಿ ನಾನು ಟ್ಯಾಂಕ್ ಮುಂದೆಯೇ ಕೂತಿದ್ದೆ. ಗುಂಡ ಮೊದಲು ಚಿಪ್ಪನ್ನು ಕವುಚಿ ಹಾಕಿ ಒಳಗಿದ್ದ ಮರಳನ್ನೆಲ್ಲ ಸಣ್ಣ ಕಾಲಿನಿಂದ ಕೆರೆದು ಹೊರಗೆ ಹಾಕಿದ. ಮೀಸೆ ಆಡಿಸುತ್ತಾ ಅಂಚಿನ ಸುತ್ತ ಮುಟ್ಟಿ ನೋಡಿದ. ಎರಡೂ ಚಿಪ್ಪಿನ ಬಾಯಿ ಎದುರುಬದುರಾಗುವ ಹಾಗೆ ಹೊಸದನ್ನು ಎಳೆದುಕೊಂಡ. ಆಮೇಲೆ ಒಂದೇ ಉಸಿರಿಗೆ ಹೊರಗೆ ಬಂದು, ಬೋಳು ಹೊಟ್ಟೆಯನ್ನು ಹಿಂದು ಹಿಂದಾಗಿ ಹೊಸದರೊಳಗೆ ತೂರಿಸಿಬಿಟ್ಟ. ಆ ಹೊಟ್ಟೆ ಎಷ್ಟು ಮೆತ್ತಗಿರುತ್ತದೆ ಅಂದರೆ, ಕಂಡದ್ದು ಎರಡು ಸೆಕೆಂಡ್ ಆದರೂ ನನಗೆ ಅಯ್ಯೋ ಅನಿಸಿತು. ಚಿನ್ನಿ ನೀಲಿ ಚಿಪ್ಪು ಬಿಡಲು ಏಳು ವಾರ ತಗೊಂಡಳು. ಅಷ್ಟು ದಿನವೂ ಕಾದೆ, ಬೇರೆ ದಾರಿ ಇಲ್ಲ.

ಪುಟ್ಟಿ ಯಾಕೆ ಟರ್ಬೊ ಮುಟ್ಟಲಿಲ್ಲ? ಇಕ್ವೆಡಾರ್ ಏಡಿಯ ಮೈ ಸ್ವಲ್ಪ ಚಪ್ಪಟೆ. ಅದಕ್ಕೆ ದುಂಡು ಬಾಯಿಗಿಂತ ಅರ್ಧಚಂದ್ರದಂಥ ಅಗಲ ಬಾಯಿ ಇಷ್ಟ. ನೆರೈಟ್ ಅನ್ನುವ ಇನ್ನೊಂದು ಬಗೆಯ ಬಸವನ ಹುಳುವಿನ ಚಿಪ್ಪಿನ ಬಾಯಿ ಹಾಗೇ ಇರುತ್ತದೆ. ಟರ್ಬೊ ಅವಳಿಗೆ ಭಾರವೂ ಜಾಸ್ತಿ. ನೆರೈಟ್ ಇಟ್ಟ ಎರಡನೇ ರಾತ್ರಿಯೇ ಬದಲಾಯಿಸಿದಳು. ನೆರೈಟಿನ ತೊಂದರೆ ಒಂದೇ, ದೊಡ್ಡ ಅಳತೆಯವು ಸಿಗುವುದು ಕಷ್ಟ. ಗುಂಡ, ಚಿನ್ನಿ ಇಬ್ಬರೂ ಅದನ್ನು ಮುಟ್ಟಲಿಲ್ಲ.

ಬೆಬಿಲೋನಿಯಾ ಅನ್ನುವ ಸಮುದ್ರದ ಬಸವನ ಹುಳುವಿನ ಚಿಪ್ಪೂ ಎರಡು ತಂದಿದ್ದೆ. ಚುಕ್ಕಿ ಚುಕ್ಕಿ, ನೋಡಲು ಚೆಂದ. ಒಳಗೆ ಹೋಗುತ್ತಾರೆ, ವಾರದೊಳಗೆ ವಾಪಸ್ ಬರುತ್ತಾರೆ.

ಒಂದು ವಿಷಯ ಹೇಳಲೇಬೇಕು. ಹಳೆಯ, ಅಂಚು ಸವೆದ ಚಿಪ್ಪು ಅಂತ ಬಿಸಾಡಬೇಡಿ. 2012ರಲ್ಲಿ ಸಂಶೋಧಕ ಮಾರ್ಕ್ ಲೈಡ್ರೆ ಕೋಸ್ಟರಿಕದ ತೀರದಲ್ಲಿ ಪುಟ್ಟಿಯ ಜಾತಿಯ ಏಡಿಗಳನ್ನೇ ಗಮನಿಸಿ ಬರೆದಿದ್ದಾರೆ: ಇವು ಚಿಪ್ಪಿನ ಒಳಗಿನ ಸುರುಳಿ ಕಂಬವನ್ನು ಸವೆಸಿ ಜಾಗ ಮಾಡಿಕೊಳ್ಳುತ್ತವೆ, ಹಾಗೆ ಹಗುರಾದ ಚಿಪ್ಪಿಗೆ ಬೇರೆ ಏಡಿಗಳು ಮುಗಿಬೀಳುತ್ತವೆ. ಗುಂಡ ಬಿಟ್ಟ ಹಳೇ ಟರ್ಬೊ ಈಗ ಚಿನ್ನಿಯ ಮನೆ. ಪಕ್ಕದಲ್ಲೇ ಅದೇ ಅಳತೆಯ ಹೊಸದು ಹೊಳೆಯುತ್ತಾ ಬಿದ್ದಿದೆ, ಕೇಳುವವರಿಲ್ಲ.

ಉಳಿದ ಆರೈಕೆಯಲ್ಲಿ ಪೈಪೋಟಿಯೇ ಇಲ್ಲ. ತಂತಿ ಪಂಜರಕ್ಕಿಂತ ಮುಚ್ಚಳವಿರುವ ಗಾಜಿನ ಟ್ಯಾಂಕ್, ಪಂಜರದಲ್ಲಿ ತೇವ ನಿಲ್ಲುವುದಿಲ್ಲ. ಅಡುಗೆ ಉಪ್ಪಿಗಿಂತ ಅಕ್ವೇರಿಯಂನ ಸಮುದ್ರ ಉಪ್ಪು. ಸಿಹಿನೀರು, ಉಪ್ಪುನೀರು ಎರಡಕ್ಕೂ ಬೇರೆ ಬೇರೆ ತಟ್ಟೆ, ಕ್ಲೋರಿನ್ ತೆಗೆದ ನೀರು. ಹೊಸ ಚಿಪ್ಪನ್ನು ಅದೇ ನೀರಲ್ಲಿ ಕುದಿಸಿ, ಪೂರ್ತಿ ಆರಿಸಿ ಇಡಿ. ಜಲ್ಲಿಕಲ್ಲು ಬೇಡ, ಮರಳಿಗೆ ತೆಂಗಿನ ನಾರಿನ ಪುಡಿ ಬೆರೆಸಿ ಕನಿಷ್ಠ 15 ಸೆಂಟಿಮೀಟರ್ ಆಳ ಹಾಕಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುವಷ್ಟು ಒದ್ದೆ ಮಾಡಿ. ಪೊರೆ ಬಿಡಲು ಅವು ಅದರೊಳಗೆ ಹೂತುಕೊಳ್ಳುತ್ತವೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಸತ್ತಿದೆಯೇನೋ ಅಂತ ಅಗೆಯಬೇಡಿ. ಕಳಚಿದ ಪೊರೆಯನ್ನು ಅವೇ ತಿನ್ನುತ್ತವೆ, ತೆಗೆಯಬೇಡಿ.

ನಾನು ಹಗಲೆಲ್ಲ ಕೆಲಸದಲ್ಲಿರುತ್ತೇನೆ, ರಾತ್ರಿ ಅರ್ಧ ಗಂಟೆ ನೋಡಿಕೊಳ್ಳುತ್ತೇನೆ ಅಷ್ಟೇ. ಖರ್ಚಿಗೂ ಮಿತಿ ಇದೆ. ನನ್ನಂಥವರಿಗೆ ಟರ್ಬೊ ಒಂದೊಂದೇ ನೋಡಿದರೆ ದುಬಾರಿ ಅನಿಸುತ್ತದೆ. ಆದರೆ ಅದು ಒಡೆಯುವುದಿಲ್ಲ, ಸಿಪ್ಪೆ ಏಳುವುದಿಲ್ಲ, ಒಬ್ಬ ಬಿಟ್ಟದ್ದು ಇನ್ನೊಬ್ಬನಿಗೆ ಬರುತ್ತದೆ. ದುಡ್ಡು ಸ್ವಲ್ಪವೇ ಇದ್ದರೆ ಅಲಂಕಾರದ ಸಾಮಾನು ಬಿಟ್ಟು, ಪ್ರತಿ ಏಡಿಗೆ ಮೂರು ಚಿಪ್ಪು ತಗೊಳ್ಳಿ. ಎಣಿಸಿ ಒಂದೊಂದೇ ಇಟ್ಟರೆ ಜಗಳ ಗ್ಯಾರಂಟಿ, ಒಬ್ಬರ ಚಿಪ್ಪನ್ನು ಇನ್ನೊಬ್ಬರು ಬಡಿದು ಬಡಿದು ಕಿತ್ತುಕೊಳ್ಳುತ್ತಾರೆ.

ಗುಂಡ ಈಗ ಐದು ವಾರದಿಂದ ಮರಳಿನ ಕೆಳಗಿದ್ದಾನೆ. ಎದ್ದು ಬಂದಾಗ ಸ್ವಲ್ಪ ದೊಡ್ಡವನಾಗಿರುತ್ತಾನೆ. ಒಳ ಅಳತೆ 33ರದ್ದು ಒಂದು, 36ರದ್ದು ಒಂದು ಟರ್ಬೊ ಕುದಿಸಿ, ಆರಿಸಿ, ನೀರಿನ ತಟ್ಟೆ ಪಕ್ಕ ಇಟ್ಟಿದ್ದೇನೆ.