ಫೋರ್ಟ್ ಕಾಲಿನ್ಸ್‌ನ ಹವ್ಯಾಸಿ ತಂಡದ ಮೂರು ನಾಟಕ: ಮೂರನೆಯದನ್ನು ಮಾತ್ರ ಬಿಡಬೇಡಿ

ಕೊಲರಾಡೊದ ಫೋರ್ಟ್ ಕಾಲಿನ್ಸ್ ಕಡೆ ಇರುವ ಕನ್ನಡದವರಿಗೆ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿಯ ಒಂದು ಸಣ್ಣ ಹವ್ಯಾಸಿ ತಂಡ ಈ ಸಲದ ಸೀಸನ್ ಪೂರ್ತಿ ಗೇ ಜನರ ಬದುಕಿನ ನಾಟಕಗಳನ್ನೇ ಆಡುತ್ತಿದೆ. ಎರಡು ಮುಗಿದಿವೆ. ಮೂರನೆಯದಕ್ಕೆ ಇನ್ನೊಂದು ವಾರಾಂತ್ಯ ಬಾಕಿ ಇದೆ, ಟಿಕೆಟ್ ಸಿಕ್ಕರೆ ಹೋಗಿ. ನಮ್ಮೂರುಗಳಲ್ಲಿ ಬ್ಯಾಂಕಿನವರು, ಮೇಷ್ಟ್ರುಗಳು ಸೇರಿ ನಾಟಕ ಕಟ್ಟುತ್ತಾರಲ್ವಾ, ಇವರೂ ಹಾಗೇ, ಹಗಲು ಬೇರೆ ಕೆಲಸ, ಸಂಜೆ ತಾಲೀಮು.

ನಾಟಕಗಳನ್ನು ಕಾಲದ ಕ್ರಮದಲ್ಲೇ ಇಟ್ಟಿದ್ದಾರೆ. 1968ರ 'ದಿ ಬಾಯ್ಸ್ ಇನ್ ದ ಬ್ಯಾಂಡ್', 1985ರ 'ದಿ ನಾರ್ಮಲ್ ಹಾರ್ಟ್', 2000ದ 'ದಿ ಲಾರಮಿ ಪ್ರಾಜೆಕ್ಟ್'. ಇದು ತುಂಬಾ ಒಳ್ಳೆಯ ಆಯ್ಕೆ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲನೆಯದು ನನಗೆ ಅಷ್ಟಾಗಿ ಹಿಡಿಸಲಿಲ್ಲ. ನ್ಯೂಯಾರ್ಕಿನ ಒಂದು ಮನೆ, ಹುಟ್ಟುಹಬ್ಬದ ಪಾರ್ಟಿ, ಒಂಬತ್ತು ಗಂಡಸರು. ಕುಡಿತ ಏರಿದ ಮೇಲೆ ಮೈಕೆಲ್ ಒಂದು ಆಟ ಶುರು ಮಾಡುತ್ತಾನೆ: ನೀವು ನಿಜವಾಗಿ ಪ್ರೀತಿಸಿದವರಿಗೆ ಈಗಲೇ ಫೋನ್ ಮಾಡಿ ಅದನ್ನು ಹೇಳಬೇಕು. ಇಲ್ಲಿ ಮಾತಿಗೆ ಮಾತು ಚಕಚಕ ಬೀಳಬೇಕು. ಇವರದ್ದು ಎಳೆದಾಡಿತು, ಮೊದಲ ಅರ್ಧವಂತೂ ಜಾಸ್ತಿಯೇ ನಿಧಾನ. ಆದರೆ ಮನೆಗೆ ಬಂದು ಓದಿದಾಗ ಒಂದು ವಿಷಯ ಗೊತ್ತಾಯಿತು. 1968ರಲ್ಲಿ ಆ ಪಾತ್ರಗಳನ್ನು ಮಾಡಿದ ಒಂಬತ್ತು ನಟರಲ್ಲಿ ಐವರು ಮುಂದೆ ಏಡ್ಸ್‌ಗೆ ಬಲಿಯಾದರು. ಆ ನಗು, ಆ ಕುಹಕ, ಆ ಜಗಳ ಎಲ್ಲ ನೋಡಿ ಬಂದ ಮೇಲೆ ಇದನ್ನು ಓದಿದರೆ ತಡೆಯಲಾಗುವುದಿಲ್ಲ. ಎರಡನೆಯ ನಾಟಕ ಆ ಕಾಯಿಲೆಯದ್ದೇ.

'ನಾರ್ಮಲ್ ಹಾರ್ಟ್' ಲ್ಯಾರಿ ಕ್ರೇಮರ್ ಸಿಟ್ಟಿನಲ್ಲಿ ಬರೆದ ನಾಟಕ. ನ್ಯೂಯಾರ್ಕಿನಲ್ಲಿ ಹುಡುಗರು ಒಬ್ಬರಾದ ಮೇಲೊಬ್ಬರು ಸಾಯುತ್ತಿದ್ದಾಗ ಮೇಯರ್ ಸುಮ್ಮನಿದ್ದರು, ಪತ್ರಿಕೆಗಳು ಸುಮ್ಮನಿದ್ದವು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಶುರುವಿನಿಂದ ಕೊನೆತನಕ ಒಂದೇ ಸಮ ಕಿರುಚಿದರೆ ಕಿವಿ ಮುಚ್ಚಿಕೊಂಡುಬಿಡುತ್ತದೆ. ನಾಯಕ ನೆಡ್‌ನ ಪಾತ್ರ ಮಾಡಿದವರಿಗೆ ಯಾರಾದರೂ ಇದನ್ನು ಹೇಳಬೇಕಿತ್ತು. ಗಾಲಿಕುರ್ಚಿಯ ಡಾಕ್ಟರ್ ಎಮ್ಮಾ ಪಾತ್ರ ಮಾಡಿದವರು ಮಾತ್ರ ದನಿ ಏರಿಸದೆ ಇಡೀ ಸಭೆಯನ್ನು ಹಿಡಿದು ಕೂರಿಸಿದರು. ಸಂಶೋಧನೆಗೆ ಹಣ ಕೊಡುವುದಿಲ್ಲ ಅಂದಾಗ ಅವರು ಕಾಗದಗಳನ್ನೆಲ್ಲ ಎಸೆದ ದೃಶ್ಯ ಆ ಸಂಜೆಯ ಅತ್ಯುತ್ತಮ ಗಳಿಗೆ.

ಈಗ 'ಲಾರಮಿ'. ಇದನ್ನು ಈ ಊರಿನಲ್ಲಿ ನೋಡುವುದಕ್ಕೂ ಬೇರೆ ಕಡೆ ನೋಡುವುದಕ್ಕೂ ತುಂಬಾ ವ್ಯತ್ಯಾಸ ಇದೆ. 1998ರ ಅಕ್ಟೋಬರ್‌ನಲ್ಲಿ ವಯೋಮಿಂಗ್‌ನ ಲಾರಮಿ ಊರಿನಲ್ಲಿ ಮ್ಯಾಥ್ಯೂ ಶೆಪರ್ಡ್ ಅನ್ನುವ 21 ವರ್ಷದ ಗೇ ವಿದ್ಯಾರ್ಥಿಯನ್ನು ಇಬ್ಬರು ಯುವಕರು ಕರೆದುಕೊಂಡು ಹೋಗಿ, ಹೊಡೆದು, ಊರಾಚೆ ಬೇಲಿಗೆ ಕಟ್ಟಿಹಾಕಿ ಬಿಟ್ಟುಹೋದರು. ಸುಮಾರು 18 ಗಂಟೆ ಆದ ಮೇಲೆ ಸೈಕಲ್‌ನಲ್ಲಿ ಬಂದ ಹುಡುಗನೊಬ್ಬ ಮ್ಯಾಥ್ಯೂವನ್ನು ನೋಡಿದ. ಮೊದಲು ಅವನು ಅದನ್ನು ಬೆದರುಬೊಂಬೆ ಅಂದುಕೊಂಡಿದ್ದ. ಮ್ಯಾಥ್ಯೂವನ್ನು ತಂದದ್ದು ಇಲ್ಲಿಗೆ, ಫೋರ್ಟ್ ಕಾಲಿನ್ಸ್‌ನ ಪೂಡರ್ ವ್ಯಾಲಿ ಆಸ್ಪತ್ರೆಗೆ. ಅಕ್ಟೋಬರ್ 12ರಂದು ಅವನು ತೀರಿಕೊಂಡದ್ದೂ ಇಲ್ಲೇ. ಅವನು ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಇದೇ ಊರಿನ ವಿಶ್ವವಿದ್ಯಾಲಯದ ಮೆರವಣಿಗೆಯಲ್ಲಿ ಒಂದು ಬೆದರುಬೊಂಬೆಗೆ ಗೇ ಜನರನ್ನು ಹೀಯಾಳಿಸುವ ಮಾತು ಬರೆದು ಗಾಡಿ ಮೇಲೆ ಇಟ್ಟು ಮೆರೆಸಿದ್ದರು.

ಟೆಕ್ಟಾನಿಕ್ ಥಿಯೇಟರ್ ತಂಡದವರು ನ್ಯೂಯಾರ್ಕಿನಿಂದ ಮತ್ತೆ ಮತ್ತೆ ಲಾರಮಿಗೆ ಬಂದು 200ಕ್ಕೂ ಹೆಚ್ಚು ಸಂದರ್ಶನ ಮಾಡಿ, ಊರಿನವರ ಮಾತುಗಳಿಂದಲೇ ಇದನ್ನು ಕಟ್ಟಿದರು. 8 ನಟರು 60ಕ್ಕೂ ಹೆಚ್ಚು ಪಾತ್ರ ಮಾಡುವ ನಾಟಕ. ಇಲ್ಲಿ ಹವ್ಯಾಸಿಗಳೇ ಗೆದ್ದದ್ದು. ಪಾತ್ರಗಳೂ ಟ್ಯಾಕ್ಸಿಯವನು, ಬಾರ್‌ನವನು, ಡಾಕ್ಟರು, ಪಾದ್ರಿ ಇಂಥವರು. ಆಡುವವರೂ ಅಂಥ ಸಣ್ಣ ಊರಿನ ಜನ. ಟೋಪಿ ಬದಲಿಸಿ, ಕೋಟು ಹಾಕಿಕೊಂಡು ಬಂದು ನಿಂತರೆ ಸಾಕು, ನಂಬಿಕೆ ಬರುತ್ತದೆ. ನುರಿತ ನಟರು ಇಷ್ಟು ಸರಳವಾಗಿ ಮಾತಾಡುತ್ತಿದ್ದರೋ ಇಲ್ಲವೋ. ರೆಜಿ ಫ್ಲೂಟಿ ಅನ್ನುವ ಪೊಲೀಸ್ ಹೆಂಗಸು ಮ್ಯಾಥ್ಯೂವನ್ನು ಬೇಲಿಯಿಂದ ಬಿಡಿಸುವಾಗ ಅವನ ರಕ್ತ ತಾಗಿ, ಅವನಿಗೆ ಎಚ್‌ಐವಿ ಇತ್ತೆಂದು ಆಮೇಲೆ ತಿಳಿದು, ತಿಂಗಳುಗಟ್ಟಲೆ ಮಾತ್ರೆ ನುಂಗಬೇಕಾಯಿತು. ಆ ಮಾತುಗಳನ್ನು ನಟಿ ಅಡುಗೆಮನೆಯಲ್ಲಿ ನಿಂತು ಹೇಳುವಷ್ಟು ಸಹಜವಾಗಿ ಹೇಳಿದರು. ಆಸ್ಪತ್ರೆಯ ಮುಖ್ಯಸ್ಥರು ಕ್ಯಾಮೆರಾ ಎದುರು ಸಾವಿನ ಸುದ್ದಿ ಓದುತ್ತಾ ಅಳುವ ದೃಶ್ಯ ಬಂದಾಗ ಸಭೆಯಲ್ಲಿ ವಯಸ್ಸಾದವರು ಹಲವರು ಕಣ್ಣೊರೆಸಿಕೊಂಡರು. ಅದು ಅವರ ಊರಿನ ಸುದ್ದಿ.

ಹಾಸನದಿಂದ ಬಂದಿರುವ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಇಂಗ್ಲಿಷ್ ಪೂರ್ತಿ ಹತ್ತಲಿಲ್ಲ. ಆದರೆ ಕೋರ್ಟಿನಲ್ಲಿ ಮ್ಯಾಥ್ಯೂವಿನ ಅಪ್ಪ ಎದ್ದು ನಿಂತು, ಮಗನನ್ನು ಕೊಂದವನಿಗೆ ಮರಣದಂಡನೆ ಬೇಡ ಅಂದಾಗ ನನ್ನ ಕೈ ಹಿಡಿದುಕೊಂಡರು. "ಆ ಹುಡುಗನ ತಾಯಿ ಏನು ಮಾಡ್ತಾರೆ ಈಗ?" ಅಂತ ಕಾರಿನಲ್ಲಿ ಕೇಳಿದರು. ಮಗನ ಹೆಸರಿನಲ್ಲಿ ಸಂಸ್ಥೆ ಕಟ್ಟಿದರು, ಇಂಥ ದ್ವೇಷದ ಅಪರಾಧಗಳ ವಿರುದ್ಧ 2009ರಲ್ಲಿ ದೇಶದ ಕಾನೂನು ಬರುವ ತನಕ ಹೋರಾಡಿದರು ಅಂದೆ. ಅಮ್ಮ ಪಕ್ಕದ ಮನೆಯವರನ್ನು ವಿಚಾರಿಸುವ ಹಾಗೆ ಇನ್ನೂ ಏನೇನೋ ಕೇಳುತ್ತಲೇ ಇದ್ದರು.

ಕೊರತೆಗಳೂ ಇವೆ. ಹೀಟರ್ ಸದ್ದಿಗೆ ಹಿಂದಿನ ಸಾಲಿನವರಿಗೆ ಮೆಲುದನಿಯ ಮಾತು ಕೇಳಿಸುವುದಿಲ್ಲ, ಮುಂದೆ ಕೂರಿ. ಎರಡು ಬಿಡುವು ಇವೆ, ಮುಗಿಯುವಾಗ ತಡವಾಗುತ್ತದೆ. ಸಣ್ಣ ಮಕ್ಕಳನ್ನು ಕರೆದೊಯ್ಯಬೇಡಿ, ಹೈಸ್ಕೂಲಿನ ಮಕ್ಕಳನ್ನು ಖಂಡಿತ ಕರೆದೊಯ್ಯಿರಿ.

ತಂಡಕ್ಕೆ ನನ್ನದೊಂದು ಕೋರಿಕೆ. ಹತ್ತು ವರ್ಷ ಕಳೆದ ಮೇಲೆ ಅದೇ ಟೆಕ್ಟಾನಿಕ್‌ನವರು ಲಾರಮಿಗೆ ವಾಪಸ್ ಹೋಗಿ, ಜನ ಏನನ್ನು ನೆನಪಿಟ್ಟುಕೊಂಡಿದ್ದಾರೆ, ಏನನ್ನು ತಿರುಚಿ ಹೇಳುತ್ತಿದ್ದಾರೆ ಅಂತ ಕೇಳಿ ಇನ್ನೊಂದು ನಾಟಕ ಮಾಡಿದ್ದಾರೆ. ಮುಂದಿನ ಸೀಸನ್‌ನಲ್ಲಿ ಇದೇ ನಟರನ್ನು ಇಟ್ಟುಕೊಂಡು ಅದನ್ನೂ ಆಡಿ.